ಉಯ್ಯಾಲೆಯ ಕೆಳಗಿನ ಮಣ್ಣು

ಒಂಬತ್ತನೆಯ ಕಂತು

"ನಿಲ್ಸಿ. ಅಲ್ಲೇ. ಸ್ವಲ್ಪ ಹಿಂದಕ್ಕೆ ಹೋಗಿ."

ಕಿವಿಯಕ್ಕನ ಬೆರಳು ಬ್ರೈಲ್ ಪುಟದ ನಡುವೆ ನಿಂತುಬಿಟ್ಟಿತ್ತು. ದಫೇದಾರಮ್ಮ ಯಂತ್ರದ ಗುಂಡಿ ಒತ್ತಿ ಅರ್ಧ ನಿಮಿಷ ಹಿಂದಕ್ಕೆ ಹೋದಳು. ಇಬ್ಬರ ಹೆಡ್‌ಫೋನಿನಲ್ಲೂ ಮತ್ತೆ ಅದೇ ದನಿ. ಹತ್ತು ದಿನದಿಂದ ಯಾರ ಕಣ್ಣಿಗೂ ಬೀಳದ ಹುಡುಗಿಯ ದನಿ. ಎಂಟನೆಯ ತರಗತಿಯ ವಿಜ್ಞಾನ, ಲೋಹಗಳ ಪಾಠ.

"ಸೀಸವು ಮೃದುವಾದ, ಭಾರವಾದ ಲೋಹ. ಇದನ್ನು ಸುಲಭವಾಗಿ ಬಗ್ಗಿಸಬಹುದು." ಉಸಿರು ಎಳೆದುಕೊಂಡ ಸದ್ದು. ಆಮೇಲೆ ಅದೇ ಏರಿಳಿತದಲ್ಲಿ, ಒಂದಿಷ್ಟೂ ತಡವರಿಸದೆ: "ಸೀಸಕ್ಕೆ ವಾಸನೆಯಿಲ್ಲ. ಮಣ್ಣಿನಲ್ಲಿ ಬೆರೆತರೆ ಕಣ್ಣಿಗೂ ಕಾಣುವುದಿಲ್ಲ. ಕಂಪನಿ ಪಾರ್ಕಿನ ಉಯ್ಯಾಲೆಗಳ ಕೆಳಗೆ, ಮಕ್ಕಳ ಕಾಲು ಉಜ್ಜಿ ಉಜ್ಜಿ ಗುಳಿ ಬಿದ್ದ ಕಡೆ, ಅದು ಹೆಚ್ಚಾಗಿದೆ. ಗೋಡೆ ಪಕ್ಕದ ಕೊನೆಯ ಉಯ್ಯಾಲೆಯಲ್ಲಿ ಎಲ್ಲಕ್ಕಿಂತ ಹೆಚ್ಚು." ಮತ್ತೆ ಉಸಿರು. "ತಾಮ್ರವು ಕೆಂಪು ಬಣ್ಣದ ಲೋಹ..."

"ಇದು ಪುಸ್ತಕದಲ್ಲಿಲ್ಲ," ಅಂದಳು ಕಿವಿಯಕ್ಕ.

"ಯಾವುದು?"

"ವಾಸನೆಯಿಂದ ಹಿಡಿದು ಉಯ್ಯಾಲೆ ತನಕ. ನನ್ನ ಬೆರಳ ಕೆಳಗೆ ಸೀಸ ಆದ್ಮೇಲೆ ನೇರ ತಾಮ್ರ ಇದೆ. ಶಾಲೆ ಪುಸ್ತಕದೊಳಗೆ ಕಂಪನಿ ಪಾರ್ಕು ಯಾಕೆ ಬರುತ್ತೆ ಹೇಳಿ?"

ದಫೇದಾರಮ್ಮ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು.

ಕಣ್ಣು ಕಾಣದ ಮಕ್ಕಳಿಗಾಗಿ ಪಾಠಗಳನ್ನು ಓದಿ, ರೆಕಾರ್ಡ್ ಮಾಡಿ ಕಳಿಸುವ ಮನೆ ಅದು. ಓದುಮನೆ ಎಂದೇ ಎಲ್ಲರೂ ಕರೆಯುವುದು. ಓದುವವರು ಬಹುಪಾಲು ಬ್ಯಾಟರಿ ಕಾರ್ಖಾನೆಯ ನೌಕರರು. ಸಂಬಳದ ಕೆಲಸ ಮುಗಿಸಿ ಬಂದು ಪುಕ್ಕಟೆ ಓದುತ್ತಾರೆ. ಯಾವುದೇ ನೌಕರ ಹೀಗೆ ನೂರು ಗಂಟೆ ಸೇವೆ ಮಾಡಿದರೆ, ಅವನು ಹೆಸರಿಸಿದ ಸಂಸ್ಥೆಗೆ ಕಂಪನಿ ಗ್ರಾಂಟ್ ಕೊಡುತ್ತದೆ. ಕಾಣೆಯಾದ ಹುಡುಗಿಗೆ ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸ. ಪ್ರತಿ ಶನಿವಾರ ಬಂದು ಓದಿ ನೂರು ಗಂಟೆ ಮುಗಿಸಿದ್ದಳು, ಗ್ರಾಂಟಿಗೆ ಓದುಮನೆಯ ಹೆಸರು ಬರೆದುಕೊಟ್ಟಿದ್ದಳು. ಆಮೇಲೊಂದು ಶನಿವಾರ ಇದೇ ಕೋಣೆಯಿಂದ ಹೊರಬಿದ್ದವಳು ಮನೆ ಸೇರಲಿಲ್ಲ.

ಪೊಲೀಸ್ ಠಾಣೆಯಲ್ಲಿ ದೂರು ಬರೆದುಕೊಂಡು ಸುಮ್ಮನಾಗಿದ್ದರು. ಆಗ ಅವಳ ಅಕ್ಕ, ಹೊಲಿಗೆ ಅಂಗಡಿ ನಡೆಸುವ ಹೆಂಗಸು, ದಫೇದಾರಮ್ಮನ ಒಂದು ಕೋಣೆಯ ಪತ್ತೇದಾರಿ ಕಚೇರಿಗೆ ಬಂದು ಮೇಜಿಗೆ ತಲೆಯಿಟ್ಟು ಅತ್ತಿದ್ದಳು. ಇವತ್ತು ಬೆಳಿಗ್ಗೆಯೂ ಆಕೆಯ ಫೋನ್ ಬಂದಿತ್ತು. ಜ್ವರ ಹತ್ತಿದೆ, ಏಳೋಕಾಗ್ತಿಲ್ಲ, ಏನಾದ್ರೂ ಗೊತ್ತಾಯ್ತಾ ಅಂತ. ಪೊಲೀಸ್ ಇಲಾಖೆಯ ಕೆಲಸ ಬಿಟ್ಟು ಆರು ವರ್ಷವಾದರೂ ದಫೇದಾರಮ್ಮ ಎಂಬ ಹೆಸರು ಅವಳನ್ನು ಬಿಟ್ಟಿರಲಿಲ್ಲ. ಆ ಹೆಸರು ನಂಬಿ ಬಂದವರಿಗೆ ಬರಿಗೈಯಲ್ಲಿ ಉತ್ತರ ಹೇಳುವುದೆಂದರೆ ಅವಳಿಗೆ ಆಗದ ಮಾತು.

"ಇದು ನಿಮಗೆ ಈಗ ಗೊತ್ತಾಗಿದ್ದಲ್ಲ," ಅಂದಳು.

ಕಿವಿಯಕ್ಕನ ಬೆರಳು ಪುಟದಿಂದ ಮೇಲೆದ್ದಿತು. ಓದಿದ್ದನ್ನೆಲ್ಲ ಕೇಳಿ, ಬ್ರೈಲ್ ಪ್ರತಿಗೆ ತಾಳೆ ಹಾಕಿ ತಪ್ಪು ಹಿಡಿಯುವುದು ಅವಳ ಕೆಲಸ. ಹುಟ್ಟಿನಿಂದ ಕಣ್ಣಿಲ್ಲದಿದ್ದರೂ ಅವಳ ಕಿವಿಗೆ ಅಂಜದ ಓದುಗರಿರಲಿಲ್ಲ. ಹಕಾರ ನುಂಗುವ ದೊಡ್ಡ ದೊಡ್ಡ ಸಾಹೇಬರನ್ನೂ ಒಂದೇ ಸಾಲು ನಾಲ್ಕು ಸಲ ಓದಿಸಿದವಳು. ಅಂಥವಳು ಈ ನಾಲ್ಕು ವಾಕ್ಯವನ್ನು ಹತ್ತು ದಿನ ಕೇಳದೆ ಬಿಟ್ಟಾಳೆಯೇ?

"ಹೋದ ಸೋಮವಾರ ಕೇಳಿದೆ," ಅಂದಳು ಕೊನೆಗೆ.

"ಸೋಮವಾರ! ಎಂಟು ದಿನ ಹೊಟ್ಟೇಲಿಟ್ಕೊಂಡು ಕೂತಿದ್ಯಾ?" ಸಿಟ್ಟು ಬಂದರೆ ದಫೇದಾರಮ್ಮನ ಬಾಯಿಂದ ಬಹುವಚನ ಉದುರಿಹೋಗುತ್ತಿತ್ತು. "ಎರಡು ಸಲ ನಿನ್ನ ಮುಂದೇನೇ ಕೂತು ಕೇಳ್ದೆ. ಏನೂ ಗೊತ್ತಿಲ್ಲ ಅಂದೆ."

"ನಾಡಿದ್ದು ಗ್ರಾಂಟಿನ ಕಾಗದ ಬರುತ್ತೆ." ಕಿವಿಯಕ್ಕ ಕೈಚಾಚಿ ಪಕ್ಕದ ಗೋಡೆ ತಟ್ಟಿದಳು. ಗೋಡೆಗೆ ಹಳೆಯ ಕಂಬಳಿಗಳನ್ನು ಮೊಳೆ ಹೊಡೆದು ಕೂರಿಸಿದ್ದರು. "ಇದು ನಮ್ಮ ಸ್ಟುಡಿಯೋ. ಹೊರಗೆ ಬಸ್ ಹೋದ್ರೆ ಓದೋದು ನಿಲ್ಲಿಸ್ಬೇಕು. ಒಂದು ಪುಸ್ತಕ ಮುಗಿಯೋ ಹೊತ್ತಿಗೆ ಮಕ್ಕಳ ಪರೀಕ್ಷೆನೇ ಮುಗ್ದಿರುತ್ತೆ. ಹದಿನೆಂಟು ವರ್ಷಕ್ಕೆ ಮೊದಲ್ನೇ ಸಲ ಒಬ್ರು ನಮ್ಮ ಹೆಸರು ಬರೆದುಕೊಟ್ಟಿದಾರೆ. ನಾನು ಬಾಯಿಬಿಟ್ರೆ ಕಂಪನಿ ಕೊಡುತ್ತಾ?"

"ಬರೆದುಕೊಟ್ಟ ಹುಡುಗಿ ಏನಾದ್ಲು ಅಂತ ಅನ್ನಿಸ್ಲಿಲ್ವಾ?"

"ಅನ್ನಿಸದೇನೆ ಇವತ್ತು ನಿಮ್ಮನ್ನ ಕರೆದ್ನಾ?" ಕಿವಿಯಕ್ಕನ ದನಿ ಒಡೆಯಿತು. "ಅವಳು ನನ್ನ ಕಿವಿಗೇ ಅಂತ ಹೇಳಿ ಹೋಗಿದಾಳೆ, ದಫೇದಾರಮ್ಮ. ತಪ್ಪು ಹಿಡಿಯೋದು ಈ ಮನೇಲಿ ನಾನೊಬ್ಳೇ. ನಾನು ಹಿಡಿದೂ ಬಿಟ್ಟೆ."

ದಫೇದಾರಮ್ಮ ಕುರ್ಚಿ ಹತ್ತಿರ ಎಳೆದುಕೊಂಡಳು.

"ನಿಮಗೇ ನೇರ ಹೇಳ್ಬಹುದಿತ್ತಲ್ಲ. ಪಾಠದೊಳಗೆ ಯಾಕೆ ಸೇರಿಸಿದ್ಲು?"

"ಗಾಜಿನ ಆಚೆ, ಒಳಗಿನ ಮಾತು ಕೇಳಿಸದ ಕಡೆ, ಒಬ್ರು ಕೂತಿದ್ರಲ್ಲ ಅವತ್ತು. ಸೇವಾ ಮ್ಯಾನೇಜರ್. ಗ್ರಾಂಟ್ ಕೊಡೋ ಮುಂಚೆ ಜಾಗ ನೋಡ್ಬೇಕು ಅಂತ ಬಂದ್ರು. ಅವಳು ಓದಿ ಮುಗ್ಸೋ ತನಕ ಅಲ್ಲಾಡ್ಲಿಲ್ಲ. ಅವಳ ಜೊತೆನೇ ಎದ್ದುಹೋದ್ರು."

"ಅವರೇ ಅಂತ ಹೇಗೆ ಗೊತ್ತು?"

"ಕಣ್ಣಿಲ್ಲ ಅಂತ ಕೇಳ್ತಿದೀರಾ? ನಮಸ್ಕಾರ, ನಾನು ಸೇವಾ ಮ್ಯಾನೇಜರ್ ಅಂತ ಅವರೇ ಅಂದ್ರು."

ಬೇರೆ ದಿನವಾಗಿದ್ದರೆ ದಫೇದಾರಮ್ಮ ನಗುತ್ತಿದ್ದಳೇನೋ. ಹೋದ ವಾರ ಕಂಪನಿಯ ತಣ್ಣನೆಯ ಕೋಣೆಯಲ್ಲಿ ಕೂತು, ನೌಕರರ ಸಮಾಜಸೇವೆ ನೋಡಿಕೊಳ್ಳುವ ಇದೇ ಮ್ಯಾನೇಜರ್ ಹೇಳಿದ್ದ, ಹುಡುಗಿಯನ್ನು ತಾನು ಕೊನೆಯದಾಗಿ ನೋಡಿದ್ದು ಶುಕ್ರವಾರ, ಕ್ಯಾಂಟೀನಿನಲ್ಲಿ ಎಂದು.

ಆದರೆ ಅವಳ ಮನಸ್ಸು ಅವನ ಸುಳ್ಳಿನ ಮೇಲೆ ನಿಲ್ಲಲಿಲ್ಲ. ಗೋಡೆ ಪಕ್ಕದ ಕೊನೆಯ ಉಯ್ಯಾಲೆಯ ಹತ್ತಿರ ಹೋಗಿ ನಿಂತಿತು. ಮೂರು ವರ್ಷದ ಹಿಂದೆ ನೌಕರರೇ ಶ್ರಮದಾನ ಮಾಡಿ ಕಟ್ಟಿದ ಪಾರ್ಕು ಅದು. ಆ ಬಡಾವಣೆಗೆಲ್ಲ ಇರುವುದು ಅದೊಂದೇ. ದಫೇದಾರಮ್ಮನ ಐದು ವರ್ಷದ ಮೊಮ್ಮಗಳಿಗೆ ಬೇರೆ ಉಯ್ಯಾಲೆ ಖಾಲಿಯಿದ್ದರೂ ಆಗದು, ಗೋಡೆ ಪಕ್ಕದ್ದೇ ಬೇಕು. ದಿನಾ ಸಂಜೆ ಬೆನ್ನಿಗೆ ಕೈಕೊಟ್ಟು ತೂಗುವವಳು ಅಜ್ಜಿಯೇ. ಎರಡು ತಿಂಗಳಿಂದ ಮಗುವಿಗೆ ಹೊಟ್ಟೆನೋವು. ಮುಖ ಬಿಳಿಚಿಕೊಂಡಿದೆ, ಸುಮ್ಮಸುಮ್ಮನೆ ರಚ್ಚೆ ಹಿಡಿಯುತ್ತದೆ. ಜಂತುಹುಳು ಎಂದು ಡಾಕ್ಟರು ಸಿರಪ್ಪು ಬರೆದುಕೊಟ್ಟಿದ್ದರು.

ನೆನ್ನೆ ಸಂಜೆಯೂ ತೂಗಿದ್ದಳು.

"ಯಾಕೆ, ಮಾತೇ ನಿಂತೋಯ್ತು?" ಅಂದಳು ಕಿವಿಯಕ್ಕ.

"ಏನಿಲ್ಲ." ದಫೇದಾರಮ್ಮ ಸುತ್ತ ನೋಡಿದಳು. ಓದುವ ಕುರ್ಚಿಗಳು ಖಾಲಿಯಿದ್ದವು. "ಸಂಜೆ ಓದೋಕೆ ಯಾರ್ಯಾರು ಬರ್ತಾರೆ?"

"ಇವತ್ತು ಯಾರೂ ಬರಲ್ಲ ಅಂತ ಫೋನ್ ಬಂತು. ಪಾರ್ಕಿನಲ್ಲಿ ಏನೋ ತುರ್ತು ಶ್ರಮದಾನವಂತೆ. ಕಾರ್ಖಾನೆ ಕೆಲಸ ಬಿಡಿಸಿ ಅರವತ್ತು ಜನರನ್ನ ಕಳಿಸಿದಾರಂತೆ."

ದಫೇದಾರಮ್ಮ ಎದ್ದ ರಭಸಕ್ಕೆ ಕುರ್ಚಿ ಹಿಂದಕ್ಕೆ ಬಿತ್ತು.

"ಇದರ ಪ್ರತಿ ತೆಗೆಯೋಕೆ ನಿಮಗೆ ಬರುತ್ತಾ?"

"ರೆಕಾರ್ಡಿಂಗ್ ಯಂತ್ರ ನೋಡ್ಕೊಳ್ಳೋಳು ಮಧ್ಯಾಹ್ನ ಬರ್ತಾಳೆ. ಅವಳಿಗೇ ಬರೋದು."

"ಮಧ್ಯಾಹ್ನ ಬಂದು ತಗೋತೀನಿ. ಅಲ್ಲಿ ತನಕ ಯಾರಿಗೂ ಕೊಡ್ಬೇಡಿ," ಎಂದವಳೇ, ನೋಯುವ ಮಂಡಿಯನ್ನು ಲೆಕ್ಕಿಸದೆ ಮೆಟ್ಟಿಲಿಳಿದು ಆಟೋ ಹತ್ತಿದಳು.

*

ಉಯ್ಯಾಲೆಗಳು ಆಗಲೇ ಇರಲಿಲ್ಲ.

ಕಿತ್ತ ಕಂಬಗಳನ್ನು ಬೇಲಿಯ ಪಕ್ಕ ಸಾಲಾಗಿ ಮಲಗಿಸಿದ್ದರು. ಹಳದಿ ಟೀ ಶರ್ಟು, ಹಳದಿ ಟೋಪಿ ತೊಟ್ಟ ಅರವತ್ತು ಜನ ಗುದ್ದಲಿ, ಸಲಿಕೆ ಹಿಡಿದು ನೆಲ ಅಗೆಯುತ್ತಿದ್ದರು. ಬಾಂಡ್ಲಿಗಳು ಕೈಯಿಂದ ಕೈಗೆ ದಾಟಿ ಗೇಟಿನ ಬಳಿಯ ಲಾರಿಗೆ ಸುರಿಯುತ್ತಿದ್ದವು. ಕಂಪ್ಯೂಟರಿನ ಮುಂದೆ ಕೂತು ಕೂತು ಬೆನ್ನು ಬಗ್ಗಿದವರಿಗೆ ಹೊರಗಿನ ಗಾಳಿ ಸಿಕ್ಕ ಖುಷಿ. ಯಾರೋ ಹಾಡು ಹೇಳುತ್ತಿದ್ದರು, ಇನ್ಯಾರೋ ಮಣ್ಣು ಮೆತ್ತಿದ ಕೆನ್ನೆಯ ಫೋಟೋ ತೆಗೆದುಕೊಳ್ಳುತ್ತಿದ್ದರು. ಯಾರ ಕೈಗೂ ಗವಸು ಇರಲಿಲ್ಲ. ಇಬ್ಬರು ಹುಡುಗಿಯರು ಅದೇ ಕೈಯಲ್ಲಿ ಬಿಸ್ಕತ್ತು ತಿನ್ನುತ್ತಿದ್ದರು.

"ಕೈ ತೊಳ್ಕೊಂಡು ತಿನ್ರೇ!" ಎಂದು ದಫೇದಾರಮ್ಮ ಕೂಗಿದಳು.

ಹುಡುಗಿಯರು ನಕ್ಕರು. "ಮಣ್ಣು ತಿಂದ್ರೆ ಗಟ್ಟಿಯಾಗ್ತೀವಂತೆ ಬಿಡಿ ಆಂಟಿ!"

ಸೇವಾ ಮ್ಯಾನೇಜರ್ ಲಾರಿಯ ಹತ್ತಿರವಿದ್ದ. ನಲವತ್ತರ ಆಸುಪಾಸಿನ ಮನುಷ್ಯ. ಎಲ್ಲರಿಗೂ ನಗುಮುಖ ತೋರಿಸುವುದೇ ಕೆಲಸವಾದ್ದರಿಂದ ಇವಳನ್ನು ಕಂಡಾಗಲೂ ಮೊದಲು ನಗುವೇ ಬಂತು. ಅರ್ಧಕ್ಕೆ ನಿಂತಿತು.

"ಏನಮ್ಮಾ, ನೀವೂ ಕೈಜೋಡಿಸ್ತೀರಾ?"

"ಉಯ್ಯಾಲೆ ಯಾಕೆ ಕಿತ್ರಿ?"

"ಮಕ್ಕಳು ಬಿದ್ರೆ ಪೆಟ್ಟಾಗ್ಬಾರ್ದು ನೋಡಿ. ಕೆಳಗಡೆ ಮರಳು ಹಾಕ್ತಿದೀವಿ."

"ಮಂಗಳವಾರ? ಶನಿವಾರದ ತನಕ ತಡೆಯೋಕೆ ಆಗ್ಲಿಲ್ವಾ?"

"ಸೇವೆಗೆ ವಾರ ತಿಥಿ ನೋಡ್ತಾರಾ?"

"ಈ ಲಾರಿ ಎಲ್ಲಿಗೆ ಹೋಗುತ್ತೆ?"

"ಅದು ಕಂಟ್ರಾಕ್ಟರ್ ಕೆಲಸ."

ದಫೇದಾರಮ್ಮ ಅವನ ಪಕ್ಕಕ್ಕೆ ಬಂದು, ಬೇರೆ ಯಾರಿಗೂ ಕೇಳದ ಹಾಗೆ ಹೇಳಿದಳು: "ಆ ಶನಿವಾರ ನೀವು ಓದುಮನೇಲಿದ್ರಿ. ಕ್ಯಾಂಟೀನಿನ ಕಥೆ ನನಗೆ ಮತ್ತೆ ಹೇಳ್ಬೇಡಿ."

ಮ್ಯಾನೇಜರ್ ಟೋಪಿ ತೆಗೆದು ಬೆವರು ಒರೆಸಿಕೊಂಡ. ಮತ್ತೆ ಹಾಕಿಕೊಂಡ. ಕಣ್ಣು ಲಾರಿಯ ಮೇಲಿತ್ತು.

"ಇದ್ದೆ," ಅಂದ. "ಅವಳ ಹತ್ರ ಮಣ್ಣಿನ ವರದಿ ಇದೆ, ಇಸ್ಕೊಂಡು ಬಾ ಅಂತ ಮೇಲಿನವರು ಕಳಿಸಿದ್ರು."

"ಕೊಟ್ಳಾ?"

"ಕೊಟ್ಳು. ವರದಿನೂ ಕೊಟ್ಳು, ಮಣ್ಣಿನ ಶೀಶೆನೂ ಕೊಟ್ಳು. ಜಗಳ ಮಾಡ್ಲಿಲ್ಲ. ಮಕ್ಕಳನ್ನ ಅಲ್ಲಿಂದ ದೂರ ಇಡಿ ಸಾರ್, ಅಷ್ಟು ಮಾಡಿ ಅಂದ್ಲು. ನಾನು ಕಾರು ಹತ್ತಿದೆ, ಅವಳು ಬಸ್‌ಸ್ಟಾಪ್ ಕಡೆ ಹೋದ್ಲು. ನನ್ನ ಮಗನಾಣೆ, ಆಮೇಲಿಂದು ನನಗೆ ಗೊತ್ತಿಲ್ಲ."

"ನನ್ನ ಹತ್ರ ಯಾಕೆ ಸುಳ್ಳು ಹೇಳಿದ್ರಿ?"

"ಕೊನೇಲಿ ನೋಡಿದವನು ನಾನೇ ಅಂತ ಒಪ್ಕೊಳ್ಳೋಕೆ ನನಗೇನು ಹುಚ್ಚಾ?"

ಪಕ್ಕದಲ್ಲೇ ಒಂದು ಬಾಂಡ್ಲಿ ಮಣ್ಣು ಲಾರಿಗೆ ಬಿತ್ತು. ಧೂಳು ಎದ್ದು ಇಬ್ಬರ ನಡುವೆ ಹಬ್ಬಿತು. ಮ್ಯಾನೇಜರ್ ಮೂಗು ಮುಚ್ಚಿಕೊಂಡ. ಅಷ್ಟು ಜನರಲ್ಲಿ ಮೂಗು ಮುಚ್ಚಿಕೊಂಡವನು ಅವನೊಬ್ಬನೇ.

"ಈ ಮಣ್ಣಿಗೆ ಸೀಸ ಎಲ್ಲಿಂದ ಬಂತು?"

"ಜಾಗ ತಗ್ಗಿತ್ತು. ತುಂಬಿಸೋಕೆ ಕಾರ್ಖಾನೆ ಹಿಂದುಗಡೆಯ ಮಣ್ಣು ತಂದ್ವಿ. ಪುಕ್ಕಟೆ ಸಿಗ್ತಿತ್ತು, ಅದಕ್ಕೆ. ಬೇಕಂತ ಯಾರೂ ಮಾಡ್ಲಿಲ್ಲ." ಅವನು ಗೇಟಿನ ಫಲಕದತ್ತ ಕೈ ತೋರಿಸಿದ. ಉದ್ಘಾಟನೆಯ ದಿನದ ದೊಡ್ಡ ಫೋಟೋ ಅಲ್ಲಿತ್ತು. "ನೋಡಿ, ಬಾಂಡ್ಲಿ ಹೊತ್ತು ನಿಂತಿರೋನು ನಾನೇ. ನನ್ನ ಮಗನೂ ಇಲ್ಲೇ ಆಡಿದ್ದು."

"ಇವರಿಗೆಲ್ಲ ಗೊತ್ತಾ?"

ಅವನು ಅರವತ್ತು ಹಳದಿ ಬೆನ್ನುಗಳನ್ನು ನೋಡಿದ. "ಹೇಳಿದ್ರೆ ಯಾರು ಅಗೀತಾರೆ? ಸುದ್ದಿಯಾದ್ರೆ ಕಾರ್ಖಾನೆಗೆ ಬೀಗ. ಎರಡು ಸಾವಿರ ಮನೆ ಬೀದಿಗೆ ಬರುತ್ತೆ. ಸದ್ದಿಲ್ದೆ ತೆಗೆದು ಹಾಕಿದ್ರೆ ನಾಳೆಯಿಂದ ಮಕ್ಕಳಿಗೆ ತೊಂದರೆ ಇಲ್ಲ. ನಾನು ಮಾಡ್ತಿರೋದು ತಪ್ಪಾ, ನೀವೇ ಹೇಳಿ."

ಅವನು ನಿಜವಾಗಿಯೂ ಕೇಳುತ್ತಿದ್ದ. ಅದೇ ದಫೇದಾರಮ್ಮನಿಗೆ ತಡೆಯದಾಯಿತು.

"ಮೂರು ವರ್ಷ ಇಲ್ಲಿ ಆಡಿದ ಮಕ್ಕಳ ರಕ್ತದಲ್ಲಿರೋದನ್ನ ಯಾವ ಲಾರಿಗೆ ತುಂಬ್ತೀರಿ?" ದನಿ ನಡುಗಿತು. ಇಲಾಖೆಯಲ್ಲಿದ್ದಾಗ ಒಮ್ಮೆಯೂ ಹೀಗೆ ನಡುಗಿರಲಿಲ್ಲ. "ಔಷಧಿ ಕೊಡಿಸ್ಬೇಕು ಅಂದ್ರೆ ರೋಗ ಏನು ಅಂತ ತಾಯಂದಿರಿಗೆ ಗೊತ್ತಾಗ್ಬೇಡ್ವಾ? ಜಂತುಹುಳು ಅಂದ್ಕೊಂಡು ಸಿರಪ್ಪು ಕುಡಿಸ್ತಿದೀವಲ್ರೀ!"

ಮ್ಯಾನೇಜರ್ ಲಾರಿಯ ಕಡೆ ಒಂದು ಹೆಜ್ಜೆ ಸರಿದ.

"ಮೇಲಿನವರು ಅಂದ್ರಲ್ಲ. ಯಾರು?"

ಜೇಬಿನಲ್ಲಿ ಅವನ ಫೋನು ಗುರುಗುಟ್ಟಿತು. ತೆಗೆದು ಹೆಸರು ನೋಡಿದವನ ಮುಖದ ಬಣ್ಣವೇ ಬದಲಾಯಿತು. "ಬಂದೆ ಸಾರ್, ಬಂದೆ," ಎನ್ನುತ್ತ, ದಫೇದಾರಮ್ಮ ಅಲ್ಲಿ ನಿಂತೇ ಇಲ್ಲವೇನೋ ಎಂಬಂತೆ, ಲಾರಿಯ ಆಚೆಗೆ ಓಡಿದ.

ವರದಿ ಹೋಯಿತು, ಶೀಶೆ ಹೋಯಿತು. ಇನ್ನು ಒಂದೆರಡು ಗಂಟೆಯಲ್ಲಿ ನೆಲದ ಮಣ್ಣೂ ಹೋಗುತ್ತದೆ. ಗೋಡೆ ಪಕ್ಕದ್ದು ಒಂದು ಹಿಡಿಯಾದರೂ ಬೇಕು ಎಂದು ದಫೇದಾರಮ್ಮ ಒಳಗೆ ನುಗ್ಗಿದಳು. ನೆರಳಿನಲ್ಲಿ ಮೇಜು ಹಾಕಿಕೊಂಡು ಕೂತಿದ್ದ ಹುಡುಗಿಯೊಬ್ಬಳು ಅಡ್ಡ ಬಂದಳು.

"ಮೇಡಂ, ಹೆಸರು ಬರೀದೆ ಒಳಗೆ ಬಿಡೋ ಹಾಗಿಲ್ಲ. ಎಲ್ರ ಗಂಟೆ ಲೆಕ್ಕ ಇಡ್ಬೇಕು."

ಮುಂದೆ ಸರಿಸಿದ ಹಾಳೆಯ ಮೇಲೆ ಹೆಸರು, ನೌಕರರ ಸಂಖ್ಯೆ, ಬಂದ ಹೊತ್ತು, ಸಹಿ. ದಫೇದಾರಮ್ಮ ಪೆನ್ನು ಹಿಡಿದು ಬಗ್ಗಿದವಳು ಹಾಗೇ ನಿಂತಳು. ಮೊದಲ ಸಾಲಿನಲ್ಲೇ, ಎಂಟು ಹತ್ತಕ್ಕೆ, ಹತ್ತು ದಿನದಿಂದ ಕಾಣೆಯಾದ ಹುಡುಗಿಯ ಹೆಸರಿತ್ತು.

"ಇವರು... ಇವರು ಬಂದಿದಾರಾ?"

"ಹೂಂ. ಎಲ್ರಿಗಿಂತ ಮುಂಚೆ ಬಂದ್ರು. ಐಡಿ ಕಾರ್ಡ್ ನೋಡ್ಕೊಂಡೇ ಟೀ ಶರ್ಟ್ ಕೊಟ್ಟೆ."

"ನಿನಗೆ ಅವರ ಪರಿಚಯ ಇದೆಯಾ?"

"ನಾನು ಸೇರಿ ನಾಲ್ಕೇ ದಿನ ಮೇಡಂ. ಯಾರ ಪರಿಚಯನೂ ಇಲ್ಲ." ಹುಡುಗಿ ಕತ್ತು ಉದ್ದ ಮಾಡಿ ನೋಡಿದಳು. "ಅಗೋ, ಗೋಡೆ ಹತ್ರ. ಬಂದಾಗಿಂದ ಅಲ್ಲೇ ಇದಾರೆ, ಪಾಪ, ಒಬ್ರೇ ಅಗೀತಿದಾರೆ."

ದಫೇದಾರಮ್ಮ ಅಗೆದ ಗುಂಡಿಗಳನ್ನು ದಾಟಿ, ಹಾಡುವವರ ನಡುವೆ ನುಸುಳಿ, ಗೋಡೆಯ ಕಡೆ ಹೋದಳು. ಕೊನೆಯ ಉಯ್ಯಾಲೆ ಇದ್ದ ಜಾಗದಲ್ಲಿ ಒಬ್ಬ ಹೆಂಗಸು ಮಂಡಿಯೂರಿ ಕೂತಿದ್ದಳು. ಟೋಪಿ ಹಣೆಯ ತನಕ ಇಳಿದಿತ್ತು. ಬೇರೆಯವರ ಹಾಗೆ ಅವಳು ಬಾಂಡ್ಲಿಗೆ ತುಂಬುತ್ತಿರಲಿಲ್ಲ. ಊಟದ ಸ್ಟೀಲ್ ಡಬ್ಬಿಗೆ ಚಮಚದಲ್ಲಿ ಮಣ್ಣು ತುಂಬುತ್ತಿದ್ದಳು. ಕೊರಳಲ್ಲಿ ನೀಲಿ ದಾರದ ಐಡಿ ಕಾರ್ಡ್ ತೂಗುತ್ತಿತ್ತು. ಕಾಣೆಯಾದ ದಿನ ತಂಗಿಯ ಕೊರಳಲ್ಲಿತ್ತು ಎಂದು ಪೊಲೀಸ್ ದೂರಿನಲ್ಲಿ ಅಕ್ಕ ಬರೆಸಿದ್ದ ಕಾರ್ಡ್.

ಹೆಂಗಸು ತಲೆಯೆತ್ತಿದಳು.

"ಜ್ವರ ಬಿಡ್ತಾ?" ಅಂದಳು ದಫೇದಾರಮ್ಮ.

ಹೊಲಿಗೆ ಅಂಗಡಿಯ ಅಕ್ಕ ಬೆಚ್ಚಿ ಬೀಳಲಿಲ್ಲ. ಡಬ್ಬಿಯ ಮುಚ್ಚಳ ಒತ್ತಿ ಮುಚ್ಚಿ, ಟೀ ಶರ್ಟಿನೊಳಗೆ ಸೇರಿಸಿದಳು.

"ಈ ಕಾರ್ಡ್ ಎಲ್ಲಿ ಸಿಕ್ತು?"

"ಅವಳೇ ಕೊಟ್ಳು."

"ಯಾವಾಗ?"

"ನೆನ್ನೆ. ಮಣ್ಣು ತೆಗೆಸ್ತಾರೆ ಅಂತ ಗೊತ್ತಾಗಿ, ಒಂದು ಡಬ್ಬಿಯಾದ್ರೂ ಉಳಿಸು ಅಂದ್ಲು."

ಹತ್ತು ದಿನದಲ್ಲಿ ಎರಡು ಸಲ ಶವಾಗಾರದ ಬಾಗಿಲಿಗೆ ಹೋಗಿ, ಯಾರದೋ ಮಗಳ ಮುಖದ ಬಟ್ಟೆ ಸರಿಸಿ ನೋಡಿ ಬಂದಿದ್ದಳು ದಫೇದಾರಮ್ಮ. ಬಂದ ದಿನ ಊಟ ಬಿಟ್ಟಿದ್ದಳು. ಅದೆಲ್ಲ ಒಟ್ಟಿಗೆ ನೆತ್ತಿಗೇರಿತು.

"ಎಲ್ಲಿದಾಳೆ ಅಂತ ಗೊತ್ತಿಟ್ಕೊಂಡು ನನ್ನನ್ನ ಊರೆಲ್ಲ ಕುಣಿಸಿದ್ಯಾ? ನನ್ನ ಮುಂದೆ ಅತ್ತಿದ್ದು ಏನದು, ನಾಟಕಾನಾ?"

"ಮೊದಲ ದಿನ ಅತ್ತಿದ್ದು ನಿಜ. ಆಗ ನನಗೂ ಗೊತ್ತಿರ್ಲಿಲ್ಲ." ಅಕ್ಕ ಎದ್ದು ನಿಂತಳು. ಕಣ್ಣ ಕೆಳಗೆ ನಿದ್ದೆಗೆಟ್ಟ ಕಪ್ಪು. "ಮೂರನೇ ದಿನ ಅವಳೇ ಸುದ್ದಿ ಕಳಿಸಿದ್ಲು. ನಿಮಗೆ ಹೇಳೋಣ ಅಂತಾನೇ ಹೊರಟೆ. ನಿಮ್ಮ ಬೀದಿ ತಿರುವಿನಲ್ಲಿ ಒಂದು ಬಿಳಿ ಕಾರು ನಿಂತಿತ್ತು. ನೀವು ಆಟೋ ಹತ್ತಿದ್ರೆ ಅದೂ ಹೊರಟಿತು. ಮಾರನೇ ದಿನವೂ ಅಷ್ಟೇ. ನೀವು ಅವಳನ್ನ ಹುಡುಕ್ತೀರಿ, ಕಂಪನಿಯವರು ನಿಮ್ಮ ಹಿಂದೆ ಬರ್ತಾರೆ. ಅವರು ನಿಮ್ಮ ಹಿಂದೆ ಇರೋ ತನಕ ಅವಳ ಹತ್ರ ಹೋಗಲ್ಲ ಅಂದ್ಕೊಂಡೆ. ಅದಕ್ಕೇ ಸುಮ್ಮನಾದೆ. ತಪ್ಪಾಯ್ತು, ದಫೇದಾರಮ್ಮ. ನನಗೆ ಇರೋಳು ಅವಳೊಬ್ಳೇ."

ಮೂವತ್ತು ವರ್ಷ ಇಲಾಖೆಯಲ್ಲಿ ಇದ್ದವಳು. ಎಷ್ಟೋ ಜನರನ್ನು ಹೀಗೆಯೇ ಹಿಂಬಾಲಿಸಿ ಹಿಡಿದವಳು. ಈ ಹತ್ತು ದಿನದಲ್ಲಿ ತಾನು ಒಮ್ಮೆಯೂ ಹಿಂದೆ ತಿರುಗಿ ನೋಡಿರಲಿಲ್ಲ. ದಫೇದಾರಮ್ಮನ ಕಿವಿ ಬಿಸಿಯಾಯಿತು. ತಿರುಗಿ ಗೇಟಿನ ಆಚೆ ನೋಡಿದಳು. ಕಂಪನಿಯ ಬಸ್ಸು, ಲಾರಿ, ಅವಳು ಬಂದ ಆಟೋ.

"ಕಾಣ್ತಿಲ್ಲ," ಅಂದಳು.

"ಅದನ್ನೇ ನಾನೂ ನೋಡ್ತಿದ್ದೆ." ಅಕ್ಕನ ದನಿ ಇಳಿಯಿತು. "ಬೆಳಿಗ್ಗೆ ಏಳೂವರೆಗೆ ನಿಮ್ಮ ಬೀದೀಲಿ ಕಾರು ನಿಂತಿದ್ದನ್ನ ಕಣ್ಣಾರೆ ನೋಡಿ, ಇನ್ನು ಧೈರ್ಯ ಅಂತ ನಾನು ಇಲ್ಲಿಗೆ ಬಂದೆ. ನೀವು ಹೊರಟಾಗ ಅದೂ ಹೊರಟಿರುತ್ತೆ. ಆದ್ರೆ ಇಲ್ಲಿ ತನಕ ಬಂದಿಲ್ಲ. ದಾರೀಲಿ ಎಲ್ಲಾದ್ರೂ ಇಳಿದಿದ್ರಾ ನೀವು?"

ದಫೇದಾರಮ್ಮ ಆಗಲೇ ಚೀಲದೊಳಗೆ ಕೈಹಾಕಿ ಫೋನು ಹುಡುಕುತ್ತಿದ್ದಳು. ಕನ್ನಡಕ, ಸಿರಪ್ಪಿನ ಚೀಟಿ, ಮೊಮ್ಮಗಳ ಕರವಸ್ತ್ರ, ಎಲ್ಲ ಕೈಗೆ ಸಿಕ್ಕಿತು. ಕೊನೆಗೆ ಫೋನು. ಓದುಮನೆಯ ನಂಬರು ಒತ್ತಿದಳು.

ಗಂಟೆ ಹೋಗುತ್ತಲೇ ಇತ್ತು. ಐದು. ಆರು. ಕಿವಿಯಕ್ಕನ ಮೇಜಿನಿಂದ ಫೋನಿಗೆ ನಾಲ್ಕೇ ಹೆಜ್ಜೆ. ಮೂರನೆಯ ಗಂಟೆಗೆ ಎತ್ತದ ದಿನವೇ ಇಲ್ಲ. ಎಂಟು.

ಫೋನು ಎತ್ತಿದ ಸದ್ದಾಯಿತು.

"ಕಿವಿಯಕ್ಕಾ?"

ಬೆಳಗಿನ ಹೊತ್ತು ಆ ಮನೆಯಲ್ಲಿ ಗಂಡಸರು ಯಾರೂ ಇರುವುದಿಲ್ಲ. ಆದರೆ ಕೇಳಿಸಿದ್ದು ಗಂಡು ದನಿ. ಅವಸರವಿಲ್ಲದ, ಬಹಳ ಮರ್ಯಾದೆಯ ದನಿ.

"ಹೇಳಿ ದಫೇದಾರಮ್ಮ. ನಿಮ್ಮ ಫೋನಿಗೇ ಕಾಯ್ತಿದ್ದೆ."